ಆಧಾರ್ ಜೆರಾಕ್ಸ್ ಕೇಳುವುದನ್ನು ಕಡಿಮೆ ಮಾಡಿಸಿ: ಉತ್ತರ ಕನ್ನಡ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು,
ಉತ್ತರ ಕನ್ನಡ, ಕಾರವಾರ
ಹಾಗೂ ಜಿಲ್ಲೆಯ ಎಲ್ಲ ನಾಗರಿಕರ ಗಮನಕ್ಕೆ

ಮಾನ್ಯರೇ,

ಶಾಲೆಗೆ ಮಗುವನ್ನು ಸೇರಿಸಲು, ಸೊಸೈಟಿಯಲ್ಲಿ ಬೆಳೆಸಾಲ ನವೀಕರಿಸಲು, ನೆರೆ ಪರಿಹಾರಕ್ಕೆ ಅರ್ಜಿ ಹಾಕಲು, ಗೋಕರ್ಣದ ಹೋಮ್‌ಸ್ಟೇಯಲ್ಲಿ ಒಂದು ರಾತ್ರಿ ತಂಗಲು, ಎಲ್ಲದಕ್ಕೂ ನಮ್ಮಲ್ಲಿ ಮೊದಲ ಪ್ರಶ್ನೆ ಒಂದೇ: "ಆಧಾರ್ ಜೆರಾಕ್ಸ್ ತಂದಿದ್ದೀರಾ?" ಹಾಗೆ ಕೊಟ್ಟ ಕಾಗದ ಆಮೇಲೆ ಎಲ್ಲಿ ಹೋಯಿತು ಎಂದು ಕೊಟ್ಟವರು ಕೇಳುವುದಿಲ್ಲ, ಇಟ್ಟುಕೊಂಡವರಿಗೂ ನೆನಪಿರುವುದಿಲ್ಲ. ಒಟಿಪಿ ಯಾರಿಗೂ ಹೇಳಬೇಡಿ ಎಂಬ ಮಾತು ಈಗ ಹಳ್ಳಿಯ ಅಜ್ಜಿಗೂ ಬಾಯಿಪಾಠ. ಆದರೆ ಹೆಸರು, ಹುಟ್ಟಿದ ದಿನ, ವಿಳಾಸ, ಫೋಟೊ, ಹನ್ನೆರಡು ಅಂಕಿ, ಸಹಿ ಎಲ್ಲ ಒಂದೇ ಹಾಳೆಯಲ್ಲಿ ಊರೂರು ತಿರುಗುತ್ತಿರುವುದರ ಬಗ್ಗೆ ಎಚ್ಚರಿಸುವವರು ಕಡಿಮೆ. ನೋಡಿದರೆ ಸಾಕಾಗುವ ಕಡೆ ಪ್ರತಿ ತೆಗೆದುಕೊಳ್ಳುವುದನ್ನು ಜಿಲ್ಲೆಯ ಹನ್ನೆರಡೂ ತಾಲೂಕುಗಳಲ್ಲಿ ನಿಲ್ಲಿಸಬೇಕು, ತೆಗೆದುಕೊಳ್ಳಲೇಬೇಕಾದ ಕಡೆ ಅದನ್ನು ಎಷ್ಟು ದಿನ ಇಟ್ಟುಕೊಳ್ಳಬಹುದು, ಹೇಗೆ ನಾಶಮಾಡಬೇಕು ಎಂದು ಬರೆದು ಹೇಳಬೇಕು ಎಂಬುದು ನಮ್ಮ ಬೇಡಿಕೆ.

ಬರೀ ಜೆರಾಕ್ಸಿನಿಂದ ಏನಾಗುತ್ತದೆ ಎಂದು ಕೇಳುವವರಿದ್ದಾರೆ. ಬರೀ ಜೆರಾಕ್ಸಿನಿಂದ ಹಣ ಹೋಗುವುದಿಲ್ಲ, ನಿಜ. ಅದಕ್ಕೆ ಇನ್ನೊಂದು ತುಂಡು ಸೇರಬೇಕು. ಪ್ಯಾನ್ ನಂಬರ್, ಹುಟ್ಟಿದ ದಿನ ಮತ್ತು ಒಂದು ಮೊಬೈಲ್ ನಂಬರ್ ಸೇರಿದರೆ ಸಾಲದ ಆ್ಯಪ್‌ಗಳಲ್ಲಿ ನಿಮ್ಮ ಹೆಸರಿನ ಅರ್ಜಿ ಶುರುವಾಗಬಹುದು. ಪಾಸ್‌ಬುಕ್ಕಿನ ಮೊದಲ ಪುಟ ಸಿಕ್ಕರೆ ಖಾತೆ ಸಂಖ್ಯೆ ಸಿಕ್ಕಿತು. ಇಷ್ಟಾದ ಮೇಲೆ ಬ್ಯಾಂಕಿನವರ ಹಾಗೆ ಫೋನ್ ಮಾಡಿ, "ನಿಮ್ಮ ಖಾತೆಯ ಕೊನೆಯ ನಾಲ್ಕು ಅಂಕಿ ಇದು, ಊರು ಹೆಗ್ಗರಣಿ, ಸರಿಯಾ?" ಎಂದು ಕೇಳಿದರೆ ನಂಬದವರು ಯಾರು? ಹೆಸ್ಕಾಂ ಬಿಲ್ ಬಾಕಿ ಇದೆ, ರಾತ್ರಿ ಕರೆಂಟ್ ತೆಗೆಯುತ್ತೇವೆ ಎಂಬ ಸುಳ್ಳು ಸಂದೇಶವೂ ಹೆಸರು ಹಿಡಿದು ಬಂದಾಗಲೇ ಹೆಚ್ಚು ಕೆಲಸ ಮಾಡುವುದು. ಆ ಹೆಸರು, ಆ ನಂಬರ್ ಎಲ್ಲಿಂದಲೋ ಸೋರಿರುತ್ತದೆ.

ಇನ್ನು ಬೆರಳಿನ ವಿಷಯ. ನಮ್ಮ ಜಿಲ್ಲೆಗೆ ಇದೇ ದೊಡ್ಡದು, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇವೆ.

ಆಧಾರ್ ಆಧಾರಿತ ಪಾವತಿ, ಅಂದರೆ ಎಇಪಿಎಸ್ ಎಂಬ ವ್ಯವಸ್ಥೆಯಲ್ಲಿ ಹಣ ತೆಗೆಯಲು ಮೂರೇ ಬೇಕು: ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳಚ್ಚು. ಒಟಿಪಿ ಇಲ್ಲ, ಪಿನ್ ಇಲ್ಲ, ಕಾರ್ಡ್ ಇಲ್ಲ. ಒಂದು ಸಲಕ್ಕೆ ಗರಿಷ್ಠ ₹10,000. ಜೋಯಿಡಾದ ಒಳಹಳ್ಳಿಗಳಿಗೆ, ಎಟಿಎಂ ಇಲ್ಲದ ಊರುಗಳಿಗೆ ಇದು ದೊಡ್ಡ ಅನುಕೂಲ, ಅದನ್ನು ತೆಗೆದುಬಿಡಿ ಎಂದು ನಾವು ಹೇಳುತ್ತಿಲ್ಲ. ತೊಂದರೆ ಇರುವುದು ಬೆರಳು ಕೊಡುವ ರೀತಿಯಲ್ಲಿ. ಅಡಿಕೆ ಸುಲಿಯುವವರ, ಬಲೆ ಎಳೆಯುವವರ, ಮೀನು ಶುಚಿ ಮಾಡುವವರ ಬೆರಳ ಗೆರೆಗಳು ಸವೆದಿರುತ್ತವೆ, ಮಳೆಗಾಲದಲ್ಲಿ ಚರ್ಮ ನೆನೆದು ಸುಕ್ಕುಗಟ್ಟಿರುತ್ತದೆ. ಯಂತ್ರ ಮೊದಲ ಸಲಕ್ಕೆ ಒಪ್ಪದಿರುವುದು ಇಲ್ಲಿ ಮಾಮೂಲು. ಮೋಸ ಮಾಡುವವನಿಗೆ ಬೇಕಾದ ನೆಪವೂ ಇದೇ. ಮೊದಲ ಸಲವೇ ವ್ಯವಹಾರ ಆಗಿದ್ದರೂ "ಫೇಲ್ ಆಯ್ತು, ಇನ್ನೊಮ್ಮೆ ಥಂಬ್ ಕೊಡಿ" ಎನ್ನುತ್ತಾನೆ. ಎರಡನೆಯ ಬೆರಳಿಗೆ ಎರಡನೆಯ ಸಲ ಹಣ ಹೋಗುತ್ತದೆ. ಸಿಮ್ ಮಾರುವಲ್ಲಿಯೂ ಇದೇ ಆಟ. ಕಾಗದದ ಅರ್ಜಿಯ ಮೇಲೆ ಸಿಮ್ ಕೊಡುವುದನ್ನು 2024ರ ಜನವರಿ 1ರಿಂದ ನಿಲ್ಲಿಸಿದ್ದಾರೆ. ಆದರೆ ಎರಡು ಸಲ ಬೆರಳು ಒತ್ತಿಸಿಕೊಂಡು, ಎರಡು ಸಲ ಫೋಟೊ ತೆಗೆದು, ಒಂದು ಸಿಮ್ ಗಿರಾಕಿಗೆ ಕೊಟ್ಟು ಇನ್ನೊಂದನ್ನು ಬೇರೆಯವರಿಗೆ ಮಾರುವ ದಾರಿ ಉಳಿದೇ ಇದೆ.

ಅದಕ್ಕಾಗಿ ಬೆರಳು ಕೊಡುವವರು ಹೀಗೆ ಮಾಡಬೇಕು. ಯಂತ್ರದ ಮೇಲೆ ಕೈ ಇಡುವ ಮೊದಲು ಪರದೆಯನ್ನು ತಮ್ಮ ಕಡೆ ತಿರುಗಿಸಿ ಎನ್ನಬೇಕು. ಅಲ್ಲಿ ಹಣ ತೆಗೆಯುವುದೋ, ಖಾತೆಯಲ್ಲಿ ಉಳಿದ ಹಣ ನೋಡುವುದೋ, ಮೊತ್ತ ಎಷ್ಟು ಎಂಬುದು ಕಾಣುತ್ತದೆ. ಫೇಲ್ ಆಯಿತು ಎಂದರೆ ಫೇಲ್ ಆದ ಚೀಟಿಯನ್ನೇ ಮುದ್ರಿಸಿ ಕೊಡಿ ಎಂದು ಕೇಳಬೇಕು. ವಿಫಲವಾದ ವ್ಯವಹಾರಕ್ಕೂ ಕಾರಣ ಮತ್ತು ಸಂಖ್ಯೆ ಇರುತ್ತದೆ. ಓದಲು ಬಾರದ ಹಿರಿಯರು ಮಗನನ್ನೋ ಮೊಮ್ಮಗಳನ್ನೋ ಕರೆದುಕೊಂಡು ಹೋಗಲಿ. ತಾವು ಮಾಡಬಹುದಾದದ್ದೂ ಇದೆ: ಪ್ರತಿ ಗ್ರಾಮ ಒನ್ ಕೇಂದ್ರದಲ್ಲಿ, ಬ್ಯಾಂಕಿನ ಪರವಾಗಿ ಹಳ್ಳಿಯಲ್ಲಿ ಹಣ ಕೊಡುವ ಬ್ಯಾಂಕ್ ಮಿತ್ರರ ಮೇಜಿನಲ್ಲಿ ಪರದೆ ಗಿರಾಕಿಯ ಕಡೆಗಿರಬೇಕು, ವಿಫಲ ವ್ಯವಹಾರಕ್ಕೂ ಚೀಟಿ ಕೊಡಲೇಬೇಕು ಎಂದು ಜಿಲ್ಲಾ ಲೀಡ್ ಬ್ಯಾಂಕಿನ ಸಭೆಯಲ್ಲಿ ನಿರ್ಣಯ ಮಾಡಿಸಿ. ಇದಕ್ಕೆ ಹೆಚ್ಚಿನ ಖರ್ಚೇನಿಲ್ಲ.

ಬೆರಳಚ್ಚು ಕಾಗದದಿಂದಲೂ ಕದಿಯಲಾಗುತ್ತದೆ. ಆಸ್ತಿ ನೋಂದಣಿಯ ಕಾವೇರಿ ತಂತ್ರಾಂಶದಲ್ಲಿ ಸಿಗುತ್ತಿದ್ದ ನೋಂದಣಿ ಪತ್ರಗಳಿಂದ ಹೆಬ್ಬೆಟ್ಟಿನ ಗುರುತು ತೆಗೆದು, ಅಚ್ಚು ಮಾಡಿ ಹಣ ತೆಗೆದ ಪ್ರಕರಣಗಳು 2023ರಲ್ಲಿ ನಮ್ಮ ರಾಜ್ಯದಲ್ಲೇ ಬೆಳಕಿಗೆ ಬಂದವು. ಅದರ ಬಳಿಕ ಅಂತರ್ಜಾಲದ ಪ್ರತಿಗಳಲ್ಲಿ ಬೆರಳಚ್ಚು ಮರೆಮಾಡುವ ಕ್ರಮ ಕೈಗೊಂಡರು. ಅದೇ ವರ್ಷ ಆಧಾರ್ ಪ್ರಾಧಿಕಾರವೂ ಜೀವಂತ ಬೆರಳೋ ಅಚ್ಚೋ ಎಂದು ಪರೀಕ್ಷಿಸುವ ತಂತ್ರವನ್ನು ಜಾರಿಗೆ ತಂದಿತು. ಅಷ್ಟಾದರೂ ಅದಕ್ಕಿಂತ ಹಿಂದಿನ ಕ್ರಯಪತ್ರ, ಹಿಸ್ಸೆ ಪತ್ರ, ಅಡಮಾನ ಪತ್ರಗಳ ಜೆರಾಕ್ಸುಗಳು ದಲ್ಲಾಳಿಗಳ ಕಪಾಟಿನಲ್ಲಿ, ಸಂಘಗಳ ಕಡತದಲ್ಲಿ ಬೆರಳಚ್ಚು ಸಮೇತ ಹಾಗೇ ಇವೆ. ಭೂಮಿಯ ಕಾಗದದ ಪ್ರತಿ ಯಾರಿಗಾದರೂ ಕೊಡುವುದಾದರೆ ಹೆಬ್ಬೆಟ್ಟಿನ ಜಾಗಕ್ಕೆ ಬಿಳಿ ಕಾಗದದ ತುಂಡು ಇಟ್ಟು ಜೆರಾಕ್ಸ್ ಮಾಡಿಸಿ ಕೊಡಿ. ಪೂರ್ತಿ ಪ್ರತಿಯೇ ಬೇಕು ಎನ್ನುವವರು ಸಾಲ ಕೊಡುವ ಬ್ಯಾಂಕು, ನ್ಯಾಯಾಲಯದಂಥ ಕೆಲವರು ಮಾತ್ರ.

ಬೆರಳಿಗೆ ಬೀಗ ಹಾಕುವ ಸೌಲಭ್ಯ ಇದೆ, ಉಚಿತ. ಆಧಾರ್ ಪ್ರಾಧಿಕಾರದ ಮೈಆಧಾರ್ ಪೋರ್ಟಲ್ಲಿನಲ್ಲಿ ಆಧಾರ್ ಸಂಖ್ಯೆ, ಒಟಿಪಿ ಹಾಕಿ ಒಳಹೋದರೆ ಬಯೊಮೆಟ್ರಿಕ್ ಲಾಕ್ ಎಂಬ ಆಯ್ಕೆ ಸಿಗುತ್ತದೆ. ಬೀಗ ಹಾಕಿದ ಮೇಲೆ ನಿಮ್ಮ ಬೆರಳು, ಕಣ್ಣು, ಮುಖ ಯಾವುದರಿಂದಲೂ ದೃಢೀಕರಣ ಆಗದು. ಆದರೆ ಸರ್ಕಾರದ ಪ್ರಚಾರ ಪತ್ರಗಳು ಹೇಳದ ಒಂದು ತೊಡಕಿದೆ: ರೇಷನ್ ಅಂಗಡಿಯಲ್ಲಿ ಕೊಡುವ ಬೆರಳೂ ಅದೇ. ಬೀಗ ಹಾಕಿ ಮರೆತರೆ ಆ ತಿಂಗಳ ಅಕ್ಕಿ ಬೆರಳಿನಲ್ಲೇ ನಿಂತಿತು. ತಾತ್ಕಾಲಿಕವಾಗಿ ತೆರೆದರೆ ಅದು 10 ನಿಮಿಷ ಮಾತ್ರ ತೆರೆದಿರುತ್ತದೆ. ಸರದಿಯಲ್ಲಿ ನಿಂತಾಗಲೇ ತೆರೆದರೆ, ಸರ್ವರ್ ನಿಧಾನವಿರುವ ದಿನ ನಿಮ್ಮ ಪಾಳಿ ಬರುವಷ್ಟರಲ್ಲಿ ಮತ್ತೆ ಮುಚ್ಚಿರುತ್ತದೆ. ಮುಂದೆ ಒಬ್ಬರು ಇದ್ದಾರೆ ಎನ್ನುವಾಗ ತೆರೆಯಿರಿ. ಮೊಬೈಲ್ ಸಿಗ್ನಲ್ ಇಲ್ಲದ ಊರಿನವರು, ಆಧಾರ್‌ಗೆ ಮೊಬೈಲ್ ಜೋಡಿಸದವರು ಈ ದಾರಿಗೆ ಹೋಗದಿರುವುದೇ ಒಳ್ಳೆಯದು. ಅವರು ಬ್ಯಾಂಕಿಗೆ ಒಂದು ಅರ್ಜಿ ಬರೆದು ತಮ್ಮ ಖಾತೆಯಿಂದ ಎಇಪಿಎಸ್ ಮೂಲಕ ಹಣ ತೆಗೆಯುವುದನ್ನು ನಿಲ್ಲಿಸುವಂತೆ ಕೇಳಬಹುದು. ರೇಷನ್‌ಗೆ ಅದರಿಂದ ಅಡ್ಡಿಯಿಲ್ಲ. ಅರ್ಜಿಯ ಎರಡನೆಯ ಪ್ರತಿಗೆ ಸ್ವೀಕೃತಿಯ ಸೀಲ್ ಹಾಕಿಸಿಕೊಳ್ಳುವುದನ್ನು ಬಿಡಬೇಡಿ.

ಮತ್ತೆ ಜೆರಾಕ್ಸಿಗೆ ಬರೋಣ. ಜೆರಾಕ್ಸ್ ಅಂಗಡಿಯವರ ಮೇಲೆ ನಮ್ಮ ಆರೋಪವಿಲ್ಲ, ಅವರಲ್ಲಿ ಹೆಚ್ಚಿನವರು ಕಷ್ಟಪಟ್ಟು ದುಡಿಯುವವರು. ಆದರೆ ಅವರ ಕಂಪ್ಯೂಟರ್ ನೋಡಿದರೆ ದಿಗಿಲಾಗುತ್ತದೆ. ಗಿರಾಕಿ ವಾಟ್ಸಾಪ್‌ನಲ್ಲಿ ಕಳಿಸಿದ ಆಧಾರ್, ಅಂಕಪಟ್ಟಿ, ಪಹಣಿ, ಮದುವೆಯ ಫೋಟೊ ಎಲ್ಲವೂ ಡೌನ್‌ಲೋಡ್ ಫೋಲ್ಡರಿನಲ್ಲಿ ವರ್ಷಗಟ್ಟಲೆ ಕೂತಿರುತ್ತವೆ. ಅಂಗಡಿಯ ಫೋನಿನ ಗ್ಯಾಲರಿಗೆ ತಾನೇ ಇಳಿದು, ಅಲ್ಲಿಂದ ಇನ್ಯಾರದೋ ಗೂಗಲ್ ಖಾತೆಗೆ ಏರಿರುತ್ತವೆ. ಇ-ಆಧಾರ್‌ಗೆ ಪಾಸ್‌ವರ್ಡ್ ಇದೆಯಲ್ಲ ಎಂದರೆ, ಅದು ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ದೊಡ್ಡಕ್ಷರ ಮತ್ತು ಹುಟ್ಟಿದ ವರ್ಷ. ಹೆಸರು, ವರ್ಷ ಗೊತ್ತಿದ್ದವರಿಗೆ ಅದು ಬೀಗವೇ ಅಲ್ಲ. ದೊಡ್ಡ ಜೆರಾಕ್ಸ್ ಯಂತ್ರಗಳಲ್ಲಿ ಒಳಗೆ ಹಾರ್ಡ್‌ಡಿಸ್ಕ್ ಇರುತ್ತದೆ, ಯಂತ್ರ ಹಳೆಯದಾಗಿ ಮಾರಿದಾಗ ಅದೂ ಜೊತೆಗೇ ಹೋಗುತ್ತದೆ. ಕೆಟ್ಟು ಬಂದ ಪ್ರತಿಗಳು ರದ್ದಿಗೆ. ಅಂಗಡಿಗಳಿಗೆ ಪರವಾನಗಿ ಕೊಡುವುದು ಸ್ಥಳೀಯ ಸಂಸ್ಥೆ. ಪರವಾನಗಿ ನವೀಕರಣದ ವೇಳೆ ಎರಡು ಷರತ್ತು ಹಾಕಬಹುದು: ದಿನದ ಕೊನೆಗೆ ಗಿರಾಕಿಗಳ ಕಡತಗಳನ್ನು ಅಳಿಸಿ ರಿಸೈಕಲ್ ಬಿನ್ ಕೂಡ ಖಾಲಿ ಮಾಡುವುದು, ಕೆಟ್ಟ ಪ್ರತಿಯನ್ನು ಗಿರಾಕಿಯ ಕೈಗೇ ಕೊಡುವುದು. ಗಿರಾಕಿಯಾದವರು ಪ್ರಿಂಟ್ ಆದ ಕೂಡಲೇ ಕಳಿಸಿದ ಸಂದೇಶವನ್ನು "ಎಲ್ಲರಿಗೂ ಅಳಿಸು" ಎಂದು ಅಳಿಸಬಹುದು. ಅಷ್ಟರೊಳಗೆ ಕಂಪ್ಯೂಟರಿಗೆ ಇಳಿಸಿಕೊಂಡದ್ದು ಇದರಿಂದ ಹೋಗುವುದಿಲ್ಲ, ಅದನ್ನು ಕೌಂಟರಿನಲ್ಲಿ ನಿಂತು ಹೇಳಿಯೇ ಅಳಿಸಬೇಕು.

ಕೊಡಲೇಬೇಕಾದ ಕಡೆ ಮಾಸ್ಕ್ ಮಾಡಿದ ಆಧಾರ್ ಕೊಡಿ. ಮೈಆಧಾರ್‌ನಲ್ಲಿ ಡೌನ್‌ಲೋಡ್ ಮಾಡುವ ಮುಂಚೆ ಮಾಸ್ಕ್ಡ್ ಆಧಾರ್ ಎಂಬ ಚೌಕಕ್ಕೆ ಗುರುತು ಹಾಕಿದರೆ ಮೊದಲ ಎಂಟು ಅಂಕಿ ಮರೆಯಾಗಿ ಕೊನೆಯ ನಾಲ್ಕು ಮಾತ್ರ ಕಾಣುತ್ತದೆ. ಸರ್ಕಾರಿ ಯೋಜನೆಗೆ ಪೂರ್ಣ ಸಂಖ್ಯೆಯೇ ಬೇಕಾಗಬಹುದು, ಹೋಟೆಲ್, ಕೋಚಿಂಗ್ ಕ್ಲಾಸ್, ಬಾಡಿಗೆ ಮನೆಗೆ ಬೇಕಿಲ್ಲ. ಪ್ರತಿಯ ಮೇಲೆ ಯಾರಿಗೆ, ಯಾವ ಕೆಲಸಕ್ಕೆ, ಯಾವ ದಿನ ಎಂದು ಬಾಲ್‌ಪೆನ್ನಿನಲ್ಲಿ ಅಡ್ಡಲಾಗಿ ಬರೆದು ಸಹಿ ಮಾಡಿ. ಖಾಲಿ ಅಂಚಿನಲ್ಲಿ ಬರೆದರೆ ಪ್ರಯೋಜನವಿಲ್ಲ. ಅಂಚನ್ನು ಕತ್ತರಿಸಿಯೋ ವೈಟ್ನರ್ ಬಳಿದೋ ಮತ್ತೆ ಜೆರಾಕ್ಸ್ ತೆಗೆದರೆ ಹೊಸ ಪ್ರತಿ ಸಿಕ್ಕಿತು. ಬರಹ ಫೋಟೊದ ಅಂಚನ್ನೂ ಮುದ್ರಿತ ಅಕ್ಷರಗಳನ್ನೂ ಹಾದು ಹೋಗಿರಬೇಕು, ಆಗ ಅದನ್ನು ಅಳಿಸಲು ಹೋದವನು ಮಾಹಿತಿಯನ್ನೂ ಅಳಿಸಬೇಕಾಗುತ್ತದೆ.

ಈ ಮಾತನ್ನು ಮೊದಲು ಹೇಳಿದವರು ನಾವಲ್ಲ. ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿಯೇ 2022ರ ಮೇ 27ರಂದು, ಆಧಾರ್ ಪ್ರತಿಯನ್ನು ಕಂಡಕಂಡವರಿಗೆ ಕೊಡಬೇಡಿ, ಮಾಸ್ಕ್ ಮಾಡಿದ್ದನ್ನು ಕೊಡಿ, ಪ್ರಾಧಿಕಾರದ ಪರವಾನಗಿ ಇಲ್ಲದ ಹೋಟೆಲು, ಸಿನಿಮಾ ಮಂದಿರಗಳು ಪ್ರತಿ ಇಟ್ಟುಕೊಳ್ಳುವಂತಿಲ್ಲ ಎಂದು ಪ್ರಕಟಿಸಿತ್ತು. ಎರಡೇ ದಿನಕ್ಕೆ, ತಪ್ಪು ಅರ್ಥವಾದೀತು ಎಂದು ಕೇಂದ್ರ ಸರ್ಕಾರ ಅದನ್ನು ಹಿಂದಕ್ಕೆ ಪಡೆಯಿತು. ಹಿಂದಕ್ಕೆ ಪಡೆದದ್ದು ಪ್ರಕಟಣೆಯನ್ನು. ಅದರಲ್ಲಿದ್ದ ಸಲಹೆ ಈಗಲೂ ಸರಿಯೇ.

ಗೋಕರ್ಣ, ಮುರ್ಡೇಶ್ವರ, ದಾಂಡೇಲಿ, ಜೋಯಿಡಾಗಳ ವಸತಿಗೃಹ, ಹೋಮ್‌ಸ್ಟೇಗಳವರು ಕೇಳುವ ಪ್ರಶ್ನೆ ನ್ಯಾಯವಾದದ್ದು: ಪೊಲೀಸರು ಬಂದು ರಿಜಿಸ್ಟರ್ ಕೇಳಿದರೆ ಏನು ತೋರಿಸುವುದು? ತಂಗಿದವರ ಗುರುತು ತಿಳಿದಿರಬೇಕು ಎಂಬುದು ಸರಿ. ಅದಕ್ಕೆ ಹೆಸರು, ವಿಳಾಸ, ಫೋನ್, ನೋಡಿದ ಗುರುತಿನ ಚೀಟಿ ಯಾವುದು, ಅದರ ಕೊನೆಯ ನಾಲ್ಕು ಅಂಕಿ ಇಷ್ಟು ಸಾಕು. ಚೀಟಿ ಅಸಲಿಯೋ ನಕಲಿಯೋ ಎಂಬುದನ್ನು ಜೆರಾಕ್ಸ್ ಹೇಳುವುದಿಲ್ಲ, ಕ್ಯೂಆರ್ ಕೋಡ್ ಹೇಳುತ್ತದೆ. ಪ್ರಾಧಿಕಾರದ ಉಚಿತ ಆ್ಯಪ್‌ನಲ್ಲಿ ಕಾರ್ಡಿನ ಕೋಡ್ ಸ್ಕ್ಯಾನ್ ಮಾಡಿದರೆ ಹೆಸರು, ಫೋಟೊ ತೆರೆಯ ಮೇಲೆ ಬರುತ್ತದೆ, ಕೈಯಲ್ಲಿರುವ ಕಾರ್ಡಿನೊಂದಿಗೆ ಹೊಂದುತ್ತದೋ ನೋಡಿದರಾಯಿತು. ಕೆಲಸದ ಹುಡುಗನ ಸ್ವಂತ ಫೋನಿಗೆ ಗುರುತಿನ ಚೀಟಿ ವಾಟ್ಸಾಪ್ ಮಾಡಿಸಿಕೊಳ್ಳುವುದಂತೂ ಇಂದೇ ನಿಲ್ಲಬೇಕು. ಹಂಗಾಮು ಮುಗಿದು ಆತ ಊರಿಗೆ ಹೋಗುವಾಗ ನೂರಾರು ಜನರ ಆಧಾರ್ ಅವನ ಜೇಬಿನಲ್ಲೇ ಹೋಗುತ್ತದೆ. ಪೊಲೀಸ್ ವರಿಷ್ಠಾಧಿಕಾರಿಗಳ ಜೊತೆ ಮಾತಾಡಿ, ರಿಜಿಸ್ಟರಿನಲ್ಲಿ ಏನೇನು ಇರಬೇಕು ಎಂಬ ಒಂದು ಪುಟದ ನಮೂನೆ ಕೊಡಿಸಿದರೆ ಮಾಲೀಕರೂ ನಿರಾಳರಾಗುತ್ತಾರೆ.

ಇನ್ನು ಸರ್ಕಾರಿ ಕಚೇರಿಗಳು. ಆಧಾರ್ ಕಾಯ್ದೆ 2016ರ 29(4)ನೇ ಕಲಂ ಪ್ರಕಾರ ಯಾರದೇ ಆಧಾರ್ ಸಂಖ್ಯೆಯನ್ನು ಸಾರ್ವಜನಿಕವಾಗಿ ಪ್ರಕಟಿಸುವಂತಿಲ್ಲ. ಗಂಗಾವಳಿ, ಅಘನಾಶಿನಿ ದಂಡೆಯಲ್ಲಿ ನೆರೆ ಬಂದ ವರ್ಷ ಫಲಾನುಭವಿಗಳ ಪಟ್ಟಿ ಅವಸರದಲ್ಲಿ ತಯಾರಾಗುತ್ತದೆ. ಅಂಥ ಪಟ್ಟಿಯಲ್ಲಿ ಹೆಸರು, ಆಧಾರ್, ಖಾತೆ, ಮೊಬೈಲ್ ಅಕ್ಕಪಕ್ಕದ ಕಾಲಮ್ಮಿನಲ್ಲಿರುತ್ತವೆ. ಅದು ವಾಟ್ಸಾಪ್ ಗುಂಪಿಗೆ ಬಿದ್ದರೆ ಮತ್ತೆ ಹಿಡಿಯಲಾಗದು. ಸೂಚನಾ ಫಲಕಕ್ಕೆ ಹಾಕುವ ಪಟ್ಟಿಯಲ್ಲಿ ಹೆಸರು, ಊರು, ಮಂಜೂರಾದ ಮೊತ್ತ ಸಾಕು. ಪಾರದರ್ಶಕತೆಗೆ ಅಷ್ಟೇ ಬೇಕು. ಪೂರ್ಣ ಪಟ್ಟಿ ಕಚೇರಿಯ ಅಧಿಕೃತ ಲಾಗಿನ್ ಬಿಟ್ಟು ಹೊರಗೆ ಹೋಗಬಾರದು ಎಂದು ಆದೇಶಿಸಿ. ಹಳೆಯ ಅರ್ಜಿಗಳನ್ನು ಗೋಣಿಯಲ್ಲಿ ಕಟ್ಟಿ ರದ್ದಿಗೆ ಹಾಕುವ ಬದಲು ಕತ್ತರಿಸುವ ಯಂತ್ರ ಪ್ರತಿ ತಾಲೂಕು ಕಚೇರಿಗೆ ಒಂದಾದರೂ ಬೇಕು. ಉದ್ದುದ್ದ ಪಟ್ಟಿಯಾಗಿ ಕತ್ತರಿಸುವ ಅಗ್ಗದ ಯಂತ್ರ ಬೇಡ, ಅಡ್ಡಲಾಗಿಯೂ ಕತ್ತರಿಸುವುದು ಇರಲಿ. ಉದ್ದ ಪಟ್ಟಿಯಲ್ಲಿ ಹನ್ನೆರಡು ಅಂಕಿಯ ಸಾಲು ಇಡಿಯಾಗಿ ಉಳಿದುಬಿಡಬಹುದು.

ಹೊಸ ಕಾನೂನು ಬಂದಿದೆಯಲ್ಲ ಎಂದು ಕೆಲವರು ಕಾಯುತ್ತಿದ್ದಾರೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರ ಆಗಸ್ಟ್‌ನಲ್ಲಿ ಬಂತು, ನಿಯಮಗಳು 2025ರ ನವೆಂಬರ್‌ನಲ್ಲಿ. ಭದ್ರತೆ ಕಾಪಾಡದವರಿಗೆ ₹250 ಕೋಟಿವರೆಗೆ ದಂಡವಿದೆ. ಆದರೆ ಮುಖ್ಯ ಹೊಣೆಗಾರಿಕೆಗಳು ಜಾರಿಯಾಗಲು ನಿಯಮ ಬಂದಲ್ಲಿಂದ 18 ತಿಂಗಳ ಗಡುವಿದೆ. ಅದಕ್ಕಿಂತ ಮುಖ್ಯವಾಗಿ, ಕಾಯ್ದೆಯ ವ್ಯಾಪ್ತಿ ಡಿಜಿಟಲ್ ರೂಪದ ಮಾಹಿತಿಗೆ, ಅಥವಾ ಕಾಗದದಿಂದ ಡಿಜಿಟಲ್ ಆದದ್ದಕ್ಕೆ ಮಾತ್ರ. ಗೋಣಿಯಲ್ಲಿರುವ ಜೆರಾಕ್ಸ್ ಅದರ ಕೈಗೆ ಸಿಗುವುದಿಲ್ಲ. ಹಾಗಾಗಿಯೇ ತಮ್ಮ ಆದೇಶ ಬೇಕಾಗಿದೆ.

ನಾಗರಿಕರು ತಮ್ಮ ಹೆಸರು ಎಲ್ಲೆಲ್ಲಿ ಬಳಕೆಯಾಗಿದೆ ಎಂದು ಮನೆಯಲ್ಲೇ ನೋಡಿಕೊಳ್ಳಬಹುದು. ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಪೋರ್ಟಲ್ಲಿನಲ್ಲಿ ಮೊಬೈಲ್ ಸಂಖ್ಯೆ, ಒಟಿಪಿ ಕೊಟ್ಟರೆ ನಿಮ್ಮ ಹೆಸರಿನಲ್ಲಿರುವ ಸಿಮ್‌ಗಳ ಪಟ್ಟಿ ಬರುತ್ತದೆ. ನಿಮ್ಮದಲ್ಲದ್ದರ ಎದುರು ನನ್ನ ನಂಬರ್ ಅಲ್ಲ ಎಂದು ಗುರುತು ಹಾಕಿ. ಒಬ್ಬರ ಹೆಸರಿನಲ್ಲಿ ಒಂಬತ್ತರವರೆಗೆ ಸಿಮ್ ಇರಲು ಅವಕಾಶವಿರುವುದರಿಂದ ಒಂದೆರಡು ಹೆಚ್ಚಿದ್ದರೆ ಯಾರಿಗೂ ಸಂಶಯ ಬರುವುದಿಲ್ಲ, ನೀವೇ ನೋಡಬೇಕು. ಮೈಆಧಾರ್‌ನಲ್ಲಿ ದೃಢೀಕರಣದ ಇತಿಹಾಸ ತೆರೆದರೆ ಕಳೆದ ಆರು ತಿಂಗಳಲ್ಲಿ ಬೆರಳಿನಿಂದಲೋ ಒಟಿಪಿಯಿಂದಲೋ ಯಾವ ಸಂಸ್ಥೆಯ ಮೂಲಕ ದೃಢೀಕರಣವಾಗಿದೆ ಎಂಬುದು ದಿನಾಂಕ ಸಮೇತ ಕಾಣುತ್ತದೆ. ನಿಮ್ಮ ಹೆಸರಿನಲ್ಲಿರುವ ಸಾಲಗಳನ್ನೆಲ್ಲ ತೋರಿಸುವ ಸಾಲದ ವರದಿಯನ್ನು ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್ ಈ ನಾಲ್ಕೂ ಕಂಪನಿಗಳು ವರ್ಷಕ್ಕೆ ಒಂದು ಸಲ ಉಚಿತವಾಗಿ ಕೊಡಬೇಕು. ನಾಲ್ಕನ್ನೂ ಒಂದೇ ದಿನ ನೋಡುವ ಬದಲು ಮೂರು ತಿಂಗಳಿಗೊಂದರಂತೆ ನೋಡಿದರೆ ವರ್ಷವಿಡೀ ಕಣ್ಣಿಟ್ಟ ಹಾಗಾಗುತ್ತದೆ.

ಇಲ್ಲಿ ನಮ್ಮ ಜಿಲ್ಲೆಯದೇ ಒಂದು ಗೊಂದಲವಿದೆ. ಗಣಪತಿ ಹೆಗಡೆ, ಮಂಜುನಾಥ ನಾಯ್ಕ ಎಂಬ ಹೆಸರಿನವರು ಒಂದೊಂದು ಸೀಮೆಯಲ್ಲಿ ಎಷ್ಟೋ ಜನ. ತಂದೆಯ ಹೆಸರೂ ಒಂದೇ ಇರುವುದುಂಟು. ಅಪರಿಚಿತ ಸಾಲ ಕಂಡ ಕೂಡಲೇ ಕಳವು ಎಂದುಕೊಳ್ಳುವ ಮೊದಲು ಆ ಸಾಲದ ಪ್ಯಾನ್, ಹುಟ್ಟಿದ ದಿನ, ಫೋನ್ ನೋಡಿ. ಪ್ಯಾನ್ ನಿಮ್ಮದೇ ಇದ್ದು ಫೋನ್ ಬೇರೆಯಾಗಿದ್ದರೆ ಕಳವಿನ ಸಂಶಯ ಗಟ್ಟಿ. ಪ್ಯಾನ್ ಬೇರೆಯಾಗಿದ್ದರೆ ಅದು ಹೆಸರಿನ ಕಲಬೆರಕೆ. ಎರಡಕ್ಕೂ ಆ ಕಂಪನಿಯಲ್ಲೇ ತಕರಾರು ಸಲ್ಲಿಸಬೇಕು. 30 ದಿನದಲ್ಲಿ ಬಗೆಹರಿಸದಿದ್ದರೆ ದಿನಕ್ಕೆ ₹100ರಂತೆ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2023ರಲ್ಲಿ ಹೇಳಿದೆ.

ಭಟ್ಕಳ, ಹೊನ್ನಾವರದಿಂದ ಕೊಲ್ಲಿ ದೇಶಗಳಿಗೆ, ಕಾರವಾರದಿಂದ ಹಡಗಿಗೆ ಹೋಗುವವರಿಗೆ ಒಂದು ಮಾತು. ಊರಿನ ಪ್ರೀಪೇಯ್ಡ್ ಸಿಮ್ 90 ದಿನ ಬಳಸದಿದ್ದರೆ ಬಂದ್ ಆಗಬಹುದು. ಆಮೇಲೆ ಇನ್ನು 90 ದಿನ ಕಳೆದರೆ ಅದೇ ನಂಬರ್ ಬೇರೆಯವರಿಗೆ ಸಿಗಬಹುದು. ಬ್ಯಾಂಕಿಗೆ ಜೋಡಿಸಿದ ನಂಬರ್ ಅದೇ ಆಗಿದ್ದರೆ ನಿಮ್ಮ ಒಟಿಪಿ ಇನ್ನೊಬ್ಬರ ಮನೆಗೆ ಹೋಗುತ್ತದೆ. ಹೊರಡುವ ಮೊದಲು ಬ್ಯಾಂಕು, ಆಧಾರ್ ಎರಡರಲ್ಲೂ ನಂಬರ್ ಬದಲಿಸಿ, ಇಲ್ಲವೇ ಮನೆಯವರು ರೀಚಾರ್ಜ್ ಮಾಡುತ್ತಿರಲಿ. ಊರಲ್ಲೇ ಇರುವವರ ಫೋನಿನಲ್ಲಿ ಅಕ್ಕಪಕ್ಕದವರಿಗೆ ಸಿಗ್ನಲ್ ಇದ್ದು ನಿಮಗೊಬ್ಬರಿಗೇ ತಾಸುಗಟ್ಟಲೆ ಇಲ್ಲ ಎಂದಾದರೆ ಮಳೆಯನ್ನು ಬೈದು ಸುಮ್ಮನಾಗಬೇಡಿ, ನಿಮ್ಮ ನಂಬರಿಗೆ ಹೊಸ ಸಿಮ್ ಬೇರೆ ಯಾರೋ ತೆಗೆಸಿರಬಹುದು. ಇನ್ನೊಂದು ಫೋನಿನಿಂದ ಕಂಪನಿಗೂ ಬ್ಯಾಂಕಿಗೂ ಕೂಡಲೇ ಕರೆ ಮಾಡಿ.

ಹಣ ಹೋದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಕಳ್ಳರು ಹಣವನ್ನು ಖಾತೆಯಿಂದ ಖಾತೆಗೆ ದಾಟಿಸುತ್ತ ಹೋಗುತ್ತಾರೆ, ಮೊದಲ ತಾಸಿನಲ್ಲಿ ಕರೆ ಹೋದರೆ ಯಾವುದೋ ಒಂದು ಖಾತೆಯಲ್ಲಿ ಅದನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು. ಕರೆ ಮಾಡುವಾಗ ಖಾತೆ ಸಂಖ್ಯೆ, ಮೊತ್ತ, ಸಮಯ, ಯುಪಿಐ ಆಗಿದ್ದರೆ 12 ಅಂಕಿಯ ವ್ಯವಹಾರ ಸಂಖ್ಯೆ ಎದುರಿಗಿರಲಿ. ಬ್ಯಾಂಕಿಗೆ ಲಿಖಿತ ದೂರನ್ನೂ ತಡಮಾಡದೆ ಕೊಡಿ. 2017ರ ರಿಸರ್ವ್ ಬ್ಯಾಂಕ್ ಸುತ್ತೋಲೆಯಂತೆ, ಬ್ಯಾಂಕಿನದೂ ನಿಮ್ಮದೂ ತಪ್ಪಿಲ್ಲದೆ ಹೊರಗಿನವರಿಂದಾದ ವಂಚನೆಯನ್ನು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕನ ಹೊಣೆ ಸೊನ್ನೆ. ಏಳು ಕೆಲಸದ ದಿನ ದಾಟಿದರೆ ಬ್ಯಾಂಕಿನ ನೀತಿ ಹೇಗಿದೆಯೋ ಹಾಗೆ. ಸಹಕಾರಿ ಬ್ಯಾಂಕುಗಳಿಗೂ ಅಂಥದ್ದೇ ಸುತ್ತೋಲೆ ಅದೇ ವರ್ಷ ಬಂದಿದೆ. ಆದರೆ ಹಳ್ಳಿಯ ಪ್ರಾಥಮಿಕ ಕೃಷಿ ಸಹಕಾರಿ ಸಂಘಗಳು ಬ್ಯಾಂಕುಗಳಲ್ಲ, ರಿಸರ್ವ್ ಬ್ಯಾಂಕಿನ ಈ ರಕ್ಷಣೆ ಅಲ್ಲಿನ ಠೇವಣಿದಾರರಿಗೆ ಅನ್ವಯಿಸದು. ಸಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ಬೆಳೆಗಾರರ ವ್ಯವಹಾರ ಬಹುಪಾಲು ಸಂಘಗಳಲ್ಲೇ ಇರುವುದರಿಂದ, ಸಹಕಾರ ಇಲಾಖೆಯ ಉಪನಿಬಂಧಕರ ಮೂಲಕ ಸಂಘಗಳೂ ಇಂಥದೊಂದು ನಿಯಮವನ್ನು ತಮ್ಮ ಮಹಾಸಭೆಯಲ್ಲಿ ಒಪ್ಪುವಂತೆ ತಾವು ಒತ್ತಾಯಿಸಬೇಕು.

ಕೊನೆಯದಾಗಿ ಠಾಣೆಗಳ ವಿಷಯ. ಗುರುತಿನ ಕಳವು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಪ್ರಕಾರ ಮೂರು ವರ್ಷದವರೆಗೆ ಜೈಲು, ₹1 ಲಕ್ಷದವರೆಗೆ ದಂಡವಿರುವ ಅಪರಾಧ. ಅದೇ ಕಾಯ್ದೆಯ 78ನೇ ಕಲಂ ತನಿಖೆಯನ್ನು ಇನ್ಸ್‌ಪೆಕ್ಟರ್ ದರ್ಜೆಗಿಂತ ಕೆಳಗಿನವರು ಮಾಡುವಂತಿಲ್ಲ ಎನ್ನುತ್ತದೆ. ಇದನ್ನೇ ಹಿಡಿದು ಸಣ್ಣ ಠಾಣೆಗಳಲ್ಲಿ ದೂರುದಾರರನ್ನು ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧಗಳನ್ನು ನೋಡುವ ಕಾರವಾರದ ಸಿಇಎನ್ ಠಾಣೆಗೆ ಹೋಗಿ ಎಂದು ಕಳಿಸಿದರೆ, ಮುಂಡಗೋಡದವರಿಗೋ ಭಟ್ಕಳದವರಿಗೋ ಒಂದು ದಿನ ಬಸ್ಸಿನಲ್ಲೇ ಹೋಯಿತು. ತನಿಖೆ ಮಾಡಲಾಗದ ಠಾಣೆಯೂ ದೂರು ದಾಖಲಿಸಿಕೊಂಡು ವರ್ಗಾಯಿಸಬಹುದು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಹಾಗೆಯೇ ಹೇಳುತ್ತದೆ, 2024ರ ಜುಲೈ 1ರಿಂದ ಅದು ಜಾರಿಯಲ್ಲಿದೆ. ಎಲ್ಲ ಠಾಣೆಗಳ ಬಾಗಿಲಲ್ಲಿ ಇದನ್ನು ಕನ್ನಡದಲ್ಲೂ ಕೊಂಕಣಿಯಲ್ಲೂ ಬರೆಸಿ ಹಾಕುವಂತೆ ವರಿಷ್ಠಾಧಿಕಾರಿಗಳಿಗೆ ತಿಳಿಸಬೇಕೆಂದು ಕೋರುತ್ತೇವೆ.

ಇತಿ ತಮ್ಮ ವಿಶ್ವಾಸಿಗಳು,
ಸಿರಸಿ, ಕುಮಟಾ ಮತ್ತು ಅಂಕೋಲೆಯ ಕೆಲವು ನಿವೃತ್ತ ಬ್ಯಾಂಕ್ ನೌಕರರು, ವಕೀಲರು ಹಾಗೂ ಸೇವಾ ಕೇಂದ್ರ ನಡೆಸುವವರು